ಮೇಳ ಕಟ್ಟುವ ಬಗೆ: ಯಕ್ಷಗಾನ ಹಾಗೂ ಗಣಕದ ಕಾಳಗದಾಟಗಳಲ್ಲಿ ತಂಡದ ಸಮತೋಲನ

ಕರಾವಳಿಯ ಕನ್ನಡದಲ್ಲಿ 'ಆಟ' ಎಂಬ ಪದಕ್ಕೆ ವಿಶಿಷ್ಟವಾದ ಅರ್ಥವಿದೆ. ಅಂಕೋಲೆಯ ಹಳ್ಳಿಯೊಂದರಲ್ಲಿ ಇಂದು ರಾತ್ರಿ ಆಟವಿದೆ ಎಂದರೆ ಅದು ಯಕ್ಷಗಾನ ಬಯಲಾಟವೆಂದೇ ತಿಳಿಯಬೇಕು. ಅದೇ ಪದವು ಇಂದು ಮೊಬೈಲ್ ಮತ್ತು ಗಣಕಯಂತ್ರಗಳ ತೆರೆಯ ಮೇಲೆ ಆಡುವ ಕ್ರೀಡೆಗಳಿಗೂ ಸಲ್ಲುತ್ತಿದೆ. ಮೇಲುನೋಟಕ್ಕೆ ಈ ಎರಡು ಆಟಗಳ ನಡುವೆ ಯಾವ ಸಂಬಂಧವೂ ತೋರದು. ಆದರೆ ಗಣಕದ ಆಟಗಳಲ್ಲಿ ಒಂದು ಪ್ರಕಾರವಿದೆ. ಅದರಲ್ಲಿ ಆಟಗಾರನು ವಿಚಿತ್ರ ಜೀವಿಗಳ ತಂಡವೊಂದನ್ನು ಕಟ್ಟಿ, ಎದುರಾಳಿಯ ತಂಡದೊಡನೆ ಕಾಳಗಕ್ಕಿಳಿಸುತ್ತಾನೆ. ಯಕ್ಷಗಾನ ಪ್ರಸಂಗಗಳ ಹಲವು ಹೆಸರುಗಳು 'ಕಾಳಗ', 'ವಿಜಯ', 'ವಧೆ' ಎಂದೇ ಕೊನೆಗೊಳ್ಳುತ್ತವೆ ಎಂಬುದನ್ನು ನೆನೆದರೆ ಹೋಲಿಕೆಗೆ ಎಡೆ ದೊರೆಯುತ್ತದೆ. ಎರಡರಲ್ಲಿಯೂ ಅಸುರರೂ ಅದ್ಭುತ ಜೀವಿಗಳೂ ಇದ್ದಾರೆ. ಎರಡರಲ್ಲಿಯೂ ಒಬ್ಬನ ಬಲದಿಂದ ಆಟ ಕಳೆಗಟ್ಟುವುದಿಲ್ಲ. ತಂಡದ ಸಮತೋಲನವೆಂದರೇನು, ಅದನ್ನು ಸಾಧಿಸುವ ಕ್ರಮ ಯಾವುದು, ಈ ತಿಳಿವಳಿಕೆ ಯಕ್ಷಗಾನದ ಅಧ್ಯಯನಕ್ಕೆ ಹೇಗೆ ಒದಗಬಲ್ಲದು ಎಂಬ ಮೂರು ಪ್ರಶ್ನೆಗಳನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ.

೧. ಸಮಾನತೆ ಮತ್ತು ಸಮತೋಲನ

ಸಮತೋಲನವೆಂದರೆ ಎಲ್ಲ ಸದಸ್ಯರೂ ಸಮಾನ ಬಲದವರಾಗಿರುವುದು ಎಂಬ ಗ್ರಹಿಕೆ ಸಾಮಾನ್ಯವಾಗಿದೆ. ಈ ಎರಡನ್ನು ಬೇರ್ಪಡಿಸಿ ನೋಡಲು ಅಂಕೋಲಾ ತಾಲೂಕಿನಲ್ಲಿಯೇ ನಿದರ್ಶನಗಳಿವೆ. ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತದಲ್ಲಿ ಕುಣಿತಗಾರರೆಲ್ಲರೂ ಬಣ್ಣಬಣ್ಣದ ತುರಾಯಿ ತೊಟ್ಟು, ಒಂದೇ ಲಯಕ್ಕೆ ಒಂದೇ ಬಗೆಯ ಹೆಜ್ಜೆ ಹಾಕುತ್ತಾರೆ. ಅಲ್ಲಿ ತಂಡದ ಚೆಲುವು ಏಕರೂಪತೆಯಿಂದ ಹುಟ್ಟುತ್ತದೆ. ಯಕ್ಷಗಾನದ ಮೇಳದಲ್ಲಿ ಹಾಗಲ್ಲ. ಅಲ್ಲಿ ಒಬ್ಬನಂತೆ ಇನ್ನೊಬ್ಬನಿರಬಾರದು. ಸ್ತ್ರೀವೇಷದವನು ಮಾಡುವುದನ್ನು ಬಣ್ಣದ ವೇಷದವನು ಮಾಡಲಾರ. ಬಣ್ಣದ ವೇಷದವನ ಅಬ್ಬರವನ್ನು ಹಾಸ್ಯಗಾರನಿಂದ ನಿರೀಕ್ಷಿಸುವಂತಿಲ್ಲ. ಮೊದಲನೆಯದು ಸಮಾನತೆಯ ತಂಡ, ಎರಡನೆಯದು ಸಮತೋಲನದ ತಂಡ. 'ಮೇಳ' ಎಂಬ ಪದಕ್ಕೆ ಕೂಟವೆಂಬ ಅರ್ಥದ ಜೊತೆಗೆ ಹೊಂದಿಕೆಯೆಂಬ ಅರ್ಥವೂ ಇರುವುದು ಇಲ್ಲಿ ಗಮನಾರ್ಹ.

ಭಾರತೀಯ ಸೇನಾಕಲ್ಪನೆಯಲ್ಲಿಯೂ ಇದೇ ತತ್ತ್ವವಿದೆ. ಮಹಾಭಾರತದ ಲೆಕ್ಕದಂತೆ ಸೇನೆಯ ಕನಿಷ್ಠ ಘಟಕವಾದ 'ಪತ್ತಿ'ಯಲ್ಲಿ ೧ ರಥ, ೧ ಆನೆ, ೩ ಕುದುರೆ, ೫ ಕಾಲಾಳುಗಳಿರುತ್ತವೆ. ಅಕ್ಷೌಹಿಣಿಯಲ್ಲಿ ೨೧,೮೭೦ ರಥ, ಅಷ್ಟೇ ಆನೆ, ೬೫,೬೧೦ ಕುದುರೆ ಮತ್ತು ೧,೦೯,೩೫೦ ಕಾಲಾಳುಗಳು. ಘಟಕ ಎಷ್ಟೇ ಹಿಗ್ಗಿದರೂ ೧:೧:೩:೫ ಎಂಬ ಪ್ರಮಾಣ ಬದಲಾಗುವುದಿಲ್ಲ. ಆನೆ ಬಲಿಷ್ಠವೆಂದು ಆನೆಗಳಿಂದಲೇ ಸೇನೆ ಕಟ್ಟಲಿಲ್ಲ. ಬಲದ ಮೊತ್ತಕ್ಕಿಂತ ಬಲಗಳ ಪ್ರಮಾಣ ಮುಖ್ಯವೆಂಬ ಅರಿವು ಈ ಲೆಕ್ಕದ ಹಿಂದಿದೆ.

೨. ಅಸ್ತ್ರ ಮತ್ತು ಪ್ರತ್ಯಸ್ತ್ರ

ಕಾಳಗದಾಟಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ಜಪಾನಿನ 'ಪೋಕೆಮಾನ್'. ಸತೋಶಿ ತಜಿರಿಯವರ ಕಲ್ಪನೆಯಂತೆ ಗೇಮ್ ಫ್ರೀಕ್ ಸಂಸ್ಥೆ ರೂಪಿಸಿದ ಈ ಆಟ ೧೯೯೬ರಲ್ಲಿ ನಿಂಟೆಂಡೊ ಸಂಸ್ಥೆಯ ಕೈಯಾಟದ ಯಂತ್ರಕ್ಕಾಗಿ ಹೊರಬಂದಿತು. ಆರಂಭದಲ್ಲಿ ೧೫೧ ಜೀವಿಗಳೂ ೧೫ ಗುಣವರ್ಗಗಳೂ ಇದ್ದವು. ಜೀವಿಗಳ ಸಂಖ್ಯೆ ಮುಂದೆ ಸಾವಿರವನ್ನು ದಾಟಿತು. ೨೦೧೩ರಿಂದ ಗುಣವರ್ಗಗಳು ೧೮ ಆಗಿವೆ. ಬೆಂಕಿ, ನೀರು, ಹುಲ್ಲು, ವಿದ್ಯುತ್ತು, ನೆಲ, ಬಂಡೆ, ಹಿಮ, ವಿಷ, ಕೀಟ, ರೆಕ್ಕೆ, ಮಲ್ಲ, ಪ್ರೇತ, ಕತ್ತಲು, ಉಕ್ಕು, ಕಿನ್ನರಿ ಮೊದಲಾದವು ಈ ವರ್ಗಗಳು. ಪ್ರತಿ ಜೀವಿಗೆ ಒಂದು ಅಥವಾ ಎರಡು ವರ್ಗಗಳಿರುತ್ತವೆ. ಅದು ಒಮ್ಮೆಗೆ ನಾಲ್ಕು ಪಟ್ಟುಗಳನ್ನು ಬಲ್ಲದು. ತಂಡದಲ್ಲಿ ಗರಿಷ್ಠ ಆರು ಜೀವಿಗಳು.

ನೀರಿನ ಪೆಟ್ಟು ಬೆಂಕಿಯ ಜೀವಿಗೆ ಎರಡು ಪಟ್ಟು ತಾಗುತ್ತದೆ. ಬೆಂಕಿಯ ಪೆಟ್ಟು ಹುಲ್ಲಿಗೆ, ಹುಲ್ಲಿನ ಪೆಟ್ಟು ನೀರಿಗೆ ಹಾಗೆಯೇ. ಬೆಂಕಿಯ ಪೆಟ್ಟು ನೀರಿಗೆ ಅರ್ಧದಷ್ಟೇ ತಾಗುತ್ತದೆ. ವಿದ್ಯುತ್ತಿನ ಪೆಟ್ಟು ನೆಲದ ಜೀವಿಗೆ ತಾಗುವುದೇ ಇಲ್ಲ. ಎರಡು ವರ್ಗಗಳುಳ್ಳ ಜೀವಿಯಲ್ಲಿ ದೌರ್ಬಲ್ಯಗಳು ಗುಣಿಸಲ್ಪಡುತ್ತವೆ. ಬೆಂಕಿ ಮತ್ತು ರೆಕ್ಕೆ ಎರಡೂ ವರ್ಗಗಳುಳ್ಳ ಜೀವಿಗೆ ಬಂಡೆಯ ಪೆಟ್ಟು ನಾಲ್ಕು ಪಟ್ಟಾಗುತ್ತದೆ. ಹೊಡೆಯುವ ವರ್ಗ ಹದಿನೆಂಟು, ಹೊಡೆಸಿಕೊಳ್ಳುವ ವರ್ಗ ಹದಿನೆಂಟು. ಒಟ್ಟು ೩೨೪ ಸಂಬಂಧಗಳ ಕೋಷ್ಟಕವನ್ನು ನುರಿತ ಆಟಗಾರ ಬಾಯಿಪಾಠವಾಗಿ ಬಲ್ಲ.

ಕನ್ನಡ ಕಾವ್ಯಗಳ ಓದುಗನಿಗೆ ಈ ಕೋಷ್ಟಕ ಅಪರಿಚಿತವಲ್ಲ. ಆಗ್ನೇಯಾಸ್ತ್ರಕ್ಕೆ ವಾರುಣಾಸ್ತ್ರ, ನಾಗಾಸ್ತ್ರಕ್ಕೆ ಗರುಡಾಸ್ತ್ರ ಎಂಬ ಅಸ್ತ್ರ–ಪ್ರತ್ಯಸ್ತ್ರಗಳ ಕ್ರಮ ಯುದ್ಧವರ್ಣನೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅಲ್ಲಿಯೂ ಅಸ್ತ್ರದ ಬಲ ಸ್ವತಂತ್ರವಾದುದಲ್ಲ, ಎದುರಿನ ಅಸ್ತ್ರದಿಂದ ನಿರ್ಧಾರವಾಗುವಂಥದು. ಪುರಾಣದ ವರಗಳೂ ಇದೇ ತರ್ಕವನ್ನು ಅನುಸರಿಸುತ್ತವೆ. ಮನುಷ್ಯನಿಂದಲೂ ಮೃಗದಿಂದಲೂ, ಹಗಲಿನಲ್ಲಿಯೂ ಇರುಳಿನಲ್ಲಿಯೂ, ಒಳಗೂ ಹೊರಗೂ ಸಾವಿಲ್ಲವೆಂಬ ಹಿರಣ್ಯಕಶಿಪುವಿನ ವರ ಒಂದು ರಕ್ಷಾಕೋಷ್ಟಕ. ಅದರಲ್ಲಿ ಉಳಿದ ಎಡೆಯನ್ನು ಹುಡುಕಿ ಬಂದ ರೂಪವೇ ನರಸಿಂಹ. ಯಾರ ತಲೆಯ ಮೇಲೆ ಕೈಯಿಟ್ಟರೂ ಸುಡಬಲ್ಲ ಭಸ್ಮಾಸುರನನ್ನು ಅವನಿಗಿಂತ ಬಲಶಾಲಿಯಾದ ಯೋಧನು ಗೆಲ್ಲಲಿಲ್ಲ, ಮೋಹಿನಿಯ ಕುಣಿತ ಗೆದ್ದಿತು. ಉತ್ತರ ಕನ್ನಡದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ (೧೯೩೩–೨೦೧೭) ಭಸ್ಮಾಸುರ ಜನಮನದಲ್ಲಿ ನೆಲೆನಿಂತ ಪಾತ್ರ. ಆದರೆ ಆ ಪ್ರಸಂಗದ ರಚನೆಯೇ ಹೇಳುವಂತೆ, ಸಮರ್ಥ ಮೋಹಿನಿಯಿಲ್ಲದೆ ಭಸ್ಮಾಸುರನ ಅವಸಾನ ರಂಗದ ಮೇಲೆ ಸಾಧ್ಯವಾಗದು.

೩. ತಂಡ ಕಟ್ಟುವ ಕ್ರಮ

ಸಮತೋಲನದ ತಂಡವನ್ನು ಕಟ್ಟುವ ಕ್ರಮವನ್ನು ಒಂದು ಉದಾಹರಣೆಯಿಂದ ವಿವರಿಸಬಹುದು. ವಿವರಣೆಯ ಸರಳತೆಗಾಗಿ ಪ್ರತಿ ಜೀವಿಗೂ ಒಂದೇ ವರ್ಗವಿದೆಯೆಂದು ಇಟ್ಟುಕೊಳ್ಳೋಣ. ಬೆಂಕಿ, ನೀರು, ಹುಲ್ಲು ಎಂಬ ತ್ರಿಕದಿಂದ ಆರಂಭಿಸಿದರೆ ನೀರಿಗೆ ಎರಡು ದೌರ್ಬಲ್ಯಗಳಿವೆ: ವಿದ್ಯುತ್ತು ಮತ್ತು ಹುಲ್ಲು. ಹುಲ್ಲಿನ ಜೀವಿ ಈ ಎರಡನ್ನೂ ತಡೆಯಬಲ್ಲದು. ಬೆಂಕಿಯ ದೌರ್ಬಲ್ಯಗಳು ನೀರು, ನೆಲ ಮತ್ತು ಬಂಡೆ. ಮೊದಲಿನ ಎರಡನ್ನು ಹುಲ್ಲು ತಡೆಯುತ್ತದೆ, ಬಂಡೆಯನ್ನು ಮೂವರಲ್ಲಿ ಯಾರೂ ತಡೆಯಲಾರರು. ಹುಲ್ಲಿನ ದೌರ್ಬಲ್ಯಗಳು ಬೆಂಕಿ, ಹಿಮ, ಕೀಟ, ವಿಷ ಮತ್ತು ರೆಕ್ಕೆ. ಬೆಂಕಿ ಹಾಗೂ ಹಿಮವನ್ನು ನೀರು ತಡೆದರೆ, ಕೀಟವನ್ನು ಬೆಂಕಿ ತಡೆಯುತ್ತದೆ. ಹೀಗೆ ತ್ರಿಕದಲ್ಲಿ ಉಳಿಯುವ ಬಿರುಕುಗಳು ಮೂರು: ಬಂಡೆ, ವಿಷ, ರೆಕ್ಕೆ.

ಈ ಮೂರನ್ನೂ ಒಬ್ಬನೇ ಮುಚ್ಚಬಲ್ಲವನು ಉಕ್ಕಿನ ಜೀವಿ. ಬಂಡೆ ಮತ್ತು ರೆಕ್ಕೆಯ ಪೆಟ್ಟುಗಳು ಅದಕ್ಕೆ ಅರ್ಧದಷ್ಟೇ ತಾಗುತ್ತವೆ. ವಿಷ ತಾಗುವುದೇ ಇಲ್ಲ. ಆದರೆ ಉಕ್ಕು ತನ್ನದೇ ದೌರ್ಬಲ್ಯಗಳನ್ನು ತರುತ್ತದೆ: ಬೆಂಕಿ, ನೆಲ, ಮಲ್ಲ. ಬೆಂಕಿಗೆ ನೀರೂ ನೆಲಕ್ಕೆ ಹುಲ್ಲೂ ಇವೆ, ಮಲ್ಲನಿಗೆ ಉತ್ತರವಿಲ್ಲ. ಮಲ್ಲನ ಪೆಟ್ಟು ತಾಗದ ಪ್ರೇತವನ್ನು ಐದನೆಯದಾಗಿ ಸೇರಿಸಿದರೆ, ಪ್ರೇತಕ್ಕೆ ಪ್ರೇತ ಮತ್ತು ಕತ್ತಲಿನ ಭಯ. ಇವೆರಡನ್ನೂ ತಡೆಯುವ ಕತ್ತಲಿನ ಜೀವಿ ಆರನೆಯದು. ಕತ್ತಲಿಗೆ ಮಲ್ಲ, ಕೀಟ, ಕಿನ್ನರಿಗಳಿಂದ ಅಪಾಯವಿದೆ. ಆದರೆ ಮಲ್ಲನಿಗೆ ಪ್ರೇತವೂ ಕೀಟ ಮತ್ತು ಕಿನ್ನರಿಗೆ ಬೆಂಕಿ ಹಾಗೂ ಉಕ್ಕೂ ತಂಡದಲ್ಲಿ ಈಗಾಗಲೇ ಇವೆ. ಇಲ್ಲಿಗೆ ಬಳೆ ಕೂಡಿಕೊಂಡಿತು. ಆರು ಜೀವಿಗಳಲ್ಲಿ ಒಂದಕ್ಕೂ ದೌರ್ಬಲ್ಯ ತಪ್ಪಲಿಲ್ಲ, ಆದರೆ ತಂಡದಲ್ಲಿ ಉತ್ತರವಿಲ್ಲದ ದೌರ್ಬಲ್ಯ ಒಂದೂ ಉಳಿಯಲಿಲ್ಲ. ಸಮತೋಲನದ ಮೊದಲ ಲಕ್ಷಣ ಇದೇ.

ಇದು ರಕ್ಷಣೆಯ ಸಮತೋಲನ ಮಾತ್ರ. ಇದೇ ತಂಡದ ಸ್ವಂತ ವರ್ಗಗಳ ಪೆಟ್ಟುಗಳು ವಿದ್ಯುತ್ತು, ಮಲ್ಲ, ವಿಷ, ರೆಕ್ಕೆ ಮೊದಲಾದ ಜೀವಿಗಳ ಮೇಲೆ ಎರಡು ಪಟ್ಟು ತಾಗುವುದಿಲ್ಲ. ಆದುದರಿಂದ ಪ್ರತಿ ಜೀವಿಗಿರುವ ನಾಲ್ಕು ಪಟ್ಟುಗಳಲ್ಲಿ ಅನ್ಯವರ್ಗದ ಪಟ್ಟುಗಳನ್ನು ಆಯ್ದು ಈ ಕೊರತೆಯನ್ನು ತುಂಬಬೇಕಾಗುತ್ತದೆ. ಮೂರನೆಯದು ವೇಗ. ಯಾವ ಜೀವಿ ಮೊದಲು ಹೊಡೆಯುತ್ತದೆ ಎಂಬುದನ್ನು ವೇಗ ನಿರ್ಧರಿಸುತ್ತದೆ. ಆದರೆ ವೇಗದ ಕ್ರಮವನ್ನೇ ಐದು ಸರದಿಗಳ ಕಾಲ ತಿರುವುಮುರುವು ಮಾಡುವ ಪಟ್ಟೊಂದಿದೆ. ಆಗ ನಿಧಾನಗತಿಯವನೇ ಮುಂದಾಗುತ್ತಾನೆ. ತಂಡವೆಲ್ಲ ವೇಗಿಗಳಾಗಿದ್ದರೆ ಆ ಒಂದು ಪಟ್ಟಿಗೆ ಇಡೀ ತಂಡ ತಲೆಕೆಳಗಾಗುತ್ತದೆ. ನಾಲ್ಕನೆಯದು ಕಾರ್ಯವಿಭಜನೆ: ಹೊಡೆಯುವವನು, ತಾಳಿಕೊಳ್ಳುವವನು, ಜೊತೆಗಾರನಿಗೆ ನೆರವಾಗುವವನು ಎಂಬ ಮೂರು ಬಗೆಯವರೂ ಬೇಕು.

೨೦೦೯ರಿಂದ ನಡೆದುಬಂದಿರುವ ಈ ಆಟದ ಅಧಿಕೃತ ವಿಶ್ವಸ್ಪರ್ಧೆಗಳ ನಿಯಮಗಳು ಈ ದೃಷ್ಟಿಯಿಂದ ಮಹತ್ತ್ವದವು. ಆ ಕ್ರಮದಲ್ಲಿ ಒಮ್ಮೆಗೆ ಎರಡೆರಡು ಜೀವಿಗಳು ಕಣದಲ್ಲಿರುತ್ತವೆ. ಒಂದೇ ಜೀವಿಯನ್ನು ತಂಡದಲ್ಲಿ ಎರಡು ಬಾರಿ ಸೇರಿಸುವಂತಿಲ್ಲ. ಎದುರಾಳಿಯ ಆರನ್ನು ಕಂಡ ಬಳಿಕ ತನ್ನ ಆರರಲ್ಲಿ ನಾಲ್ಕನ್ನು ಮಾತ್ರ ಆರಿಸಿ ಕಣಕ್ಕಿಳಿಸಬೇಕು. ಆದುದರಿಂದ ಆರರ ತಂಡವೆಂಬುದು ಒಂದು ಸಿದ್ಧ ಉತ್ತರವಲ್ಲ. ಹಲವು ಉತ್ತರಗಳನ್ನು ಹೊರಡಿಸಬಲ್ಲ ಸಂಗ್ರಹ.

೪. ಘಟೋತ್ಕಚನ ಸರದಿ

ತಂಡದ ಹಿತಕ್ಕಾಗಿ ಒಬ್ಬ ಸದಸ್ಯ ಪೆಟ್ಟನ್ನು ತನ್ನೆಡೆಗೆ ಸೆಳೆದುಕೊಳ್ಳುವುದು ಈ ಆಟಗಳ ಮಹತ್ತ್ವದ ತಂತ್ರ. ಆ ಸರದಿಯಲ್ಲಿ ಒಬ್ಬರನ್ನೇ ಗುರಿಯಾಗಿಸಿದ ಪೆಟ್ಟುಗಳನ್ನೆಲ್ಲ ತನ್ನ ಮೇಲೆ ತಿರುಗಿಸಿಕೊಳ್ಳುವ ಪಟ್ಟು ಕೆಲವು ಜೀವಿಗಳಿಗಿದೆ. ಅದನ್ನು ಬಳಸಿದ ಜೀವಿ ಸೋಲಬಹುದು. ಪಕ್ಕದ ಜೊತೆಗಾರ ಉಳಿಯುತ್ತಾನೆ.

ಇದರ ಅತ್ಯುತ್ತಮ ನಿದರ್ಶನ ಮಹಾಭಾರತದ ದ್ರೋಣಪರ್ವದಲ್ಲಿದೆ. ಇಂದ್ರನು ಕರ್ಣನಿಗೆ ಕೊಟ್ಟ ಶಕ್ತ್ಯಾಯುಧ ಒಮ್ಮೆ ಮಾತ್ರ ಬಳಸಬಹುದಾದುದು. ಅದನ್ನು ಅವನು ಅರ್ಜುನನಿಗಾಗಿ ಕಾಯ್ದಿರಿಸಿದ್ದ. ಹದಿನಾಲ್ಕನೆಯ ದಿನದ ರಾತ್ರಿಯುದ್ಧದಲ್ಲಿ ಕೃಷ್ಣನು ಘಟೋತ್ಕಚನನ್ನು ಕರ್ಣನ ಎದುರಿಗೆ ಕಳುಹುತ್ತಾನೆ. ಇರುಳು ರಾಕ್ಷಸರಿಗೆ ಬಲದ ಹೊತ್ತು. ಅವನ ಹಾವಳಿಯನ್ನು ತಾಳಲಾರದೆ ಕರ್ಣನು ಶಕ್ತಿಯನ್ನು ಪ್ರಯೋಗಿಸಲೇಬೇಕಾಗುತ್ತದೆ. ಘಟೋತ್ಕಚ ಮಡಿಯುತ್ತಾನೆ, ಅರ್ಜುನ ಉಳಿಯುತ್ತಾನೆ. ಪಾಂಡವರ ಪಾಳೆಯ ಶೋಕದಲ್ಲಿರುವಾಗ ಕೃಷ್ಣನೊಬ್ಬನೇ ಹರ್ಷಿಸುವ ಆ ಸನ್ನಿವೇಶದ ಕ್ರೌರ್ಯವನ್ನು ಮರೆಯಲಾಗದು. ಗಣಕದ ಆಟದಲ್ಲಿ ಸೋತ ಜೀವಿ ಮುಂದಿನ ಪಂದ್ಯಕ್ಕೆ ಎದ್ದು ಬರುತ್ತದೆ. ಕಾವ್ಯದಲ್ಲಿ ಹಿಡಿಂಬೆಯ ಮಗ ಎದ್ದು ಬರುವುದಿಲ್ಲ. ಯುಕ್ತಿಯೊಂದೇ, ಅದಕ್ಕೆ ತೆರುವ ಬೆಲೆ ಬೇರೆ. ತಂಡದ ಲೆಕ್ಕಾಚಾರದಲ್ಲಿ ಯಾರು ವೆಚ್ಚವಾಗುತ್ತಾರೆ ಎಂಬ ಪ್ರಶ್ನೆಯನ್ನು ಕಾವ್ಯ ಮಾತ್ರ ಕೇಳುತ್ತದೆ.

೫. ಮೇಳದ ರಚನೆ ಮತ್ತು ಜೋಡಾಟ

ಬಡಗುತಿಟ್ಟಿನ ಮೇಳದ ರಚನೆಯನ್ನು ಈ ಹಿನ್ನೆಲೆಯಲ್ಲಿ ನೋಡಬಹುದು. ಹಿಮ್ಮೇಳದಲ್ಲಿ ಭಾಗವತ, ಮದ್ದಳೆಗಾರ, ಚಂಡೆಗಾರ. ಮುಮ್ಮೇಳದಲ್ಲಿ ಎರಡನೆಯ ವೇಷ, ಪುರುಷವೇಷ, ಮುಂಡಾಸಿನ ವೇಷ, ಬಣ್ಣದ ವೇಷ, ಸ್ತ್ರೀವೇಷ, ಹಾಸ್ಯ, ಬಾಲಗೋಪಾಲ ಮೊದಲಾದವು. ಇವು ಪಾತ್ರಗಳ ಹೆಸರುಗಳಲ್ಲ, ಮೇಳದೊಳಗಿನ ಸ್ಥಾನಗಳ ಹೆಸರುಗಳು. ಪ್ರಸಂಗ ಬದಲಾದಾಗ ಪಾತ್ರ ಬದಲಾಗುತ್ತದೆ, ಸ್ಥಾನ ಬದಲಾಗುವುದಿಲ್ಲ. ಪ್ರಸಂಗವೆಂಬ ಎದುರಾಳಿಗೆ ತಕ್ಕಂತೆ ಅದೇ ಸಂಗ್ರಹದಿಂದ ಬೇರೆ ಬೇರೆ ಜೋಡಣೆಗಳನ್ನು ಭಾಗವತನು ಹೊರಡಿಸುತ್ತಾನೆ.

ಪಾರ್ತಿಸುಬ್ಬನ 'ಪಂಚವಟಿ' ಪ್ರಸಂಗ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಶೂರ್ಪನಖಿ ಒಬ್ಬಳೇ, ವೇಷಗಳು ಎರಡು. ಘೋರ ಶೂರ್ಪನಖಿ ಹೆಣ್ಣು ಬಣ್ಣದ ವೇಷ. ಚಂಡೆಯ ಅಬ್ಬರದಲ್ಲಿ ತೆರೆಯ ಹಿಂದಿನಿಂದ ಮೂಡಿಬರಬೇಕಾದುದು. ರಾಮನನ್ನು ಒಲಿಸಿಕೊಳ್ಳಲು ಬರುವ ಮಾಯಾ ಶೂರ್ಪನಖಿ ಸ್ತ್ರೀವೇಷ. ಲಾಲಿತ್ಯ ಮತ್ತು ಮಾತಿನ ಬೆಡಗು ಅದರ ಬಂಡವಾಳ. ಇವೆರಡನ್ನು ಇಬ್ಬರು ಕಲಾವಿದರು ನಿರ್ವಹಿಸುವುದು ರೂಢಿ. ಹೆಣ್ಣು ಬಣ್ಣವಿಲ್ಲದ ಮೇಳ ಪಂಚವಟಿಯನ್ನು ಆಡಿದರೆ ರೂಪಾಂತರದ ಬೆರಗು ಅಳಿಸಿಹೋಗುತ್ತದೆ. ಭೀತಿಯಿಲ್ಲದೆ ಬೆಡಗಿಗೂ ಅರ್ಥವಿಲ್ಲ. ಒಂದು ಸ್ಥಾನದ ಕೊರತೆ ಇನ್ನೊಂದು ಸ್ಥಾನದ ಬೆಲೆಯನ್ನೂ ಇಳಿಸುತ್ತದೆಂಬುದು ಇದರಿಂದ ತಿಳಿಯುತ್ತದೆ.

ಈ ಸ್ಥಾನಗಳ ನಿಜವಾದ ಪರೀಕ್ಷೆ ಕರಾವಳಿಯ 'ಜೋಡಾಟ'ದಲ್ಲಿ ನಡೆಯುತ್ತದೆ. ಎರಡು ಮೇಳಗಳು ಎರಡು ರಂಗಸ್ಥಳಗಳಲ್ಲಿ ಒಂದೇ ಹೊತ್ತಿಗೆ ಒಂದೇ ಪ್ರಸಂಗವನ್ನು ಆಡುತ್ತವೆ; ಪ್ರೇಕ್ಷಕರು ನೋಡಿ ತೂಗುತ್ತಾರೆ. ಗಣಕದ ಕಾಳಗಕ್ಕೂ ಇದಕ್ಕೂ ಮುಖ್ಯವಾದ ಒಂದು ವ್ಯತ್ಯಾಸವಿದೆ. ಗಣಕದಲ್ಲಿ ದುರ್ಬಲ ಸದಸ್ಯನನ್ನು ಹಿಂದಕ್ಕೆ ಕರೆದು ಬೇರೊಬ್ಬನನ್ನು ಮುಂದಿಡಬಹುದು. ಜೋಡಾಟದಲ್ಲಿ ರಾವಣನ ಎದುರು ರಾವಣ, ಸೀತೆಯ ಎದುರು ಸೀತೆ; ಸ್ಥಾನಕ್ಕೆ ಸ್ಥಾನ ಎದುರಾಗುವಾಗ ಕೊರತೆ ಮರೆಯಾಗದು. ಪದ್ಯಗಳನ್ನು ಹಿಗ್ಗಿಸಿ ಕುಗ್ಗಿಸುವ ಭಾಗವತನ ಜಾಣ್ಮೆಯೊಂದೇ ಅಲ್ಲಿ ಉಳಿಯುವ ರಕ್ಷಣೆ. ಇದರ ಇನ್ನೊಂದು ಮುಖವೂ ಇದೆ. ಸ್ಪರ್ಧೆಯ ಬಿಸಿಯಲ್ಲಿ ಕಣ್ಣಿಗೆ ಕಿವಿಗೆ ಬೇಗ ತಟ್ಟುವ ಕುಣಿತ, ಅಬ್ಬರಗಳು ಮೇಲುಗೈ ಪಡೆದು, ಅರ್ಥಗಾರಿಕೆ ಮತ್ತು ಕರುಣರಸದ ಸನ್ನಿವೇಶಗಳು ಹಿಂದೆ ಸರಿಯುವ ಅಪಾಯ ಅದರಲ್ಲಿಯೇ ಅಡಗಿದೆ. ಎರಡು ಮೇಳಗಳು ಒಂದೇ ರಂಗದಲ್ಲಿ ಕೂಡಿ ಆಡುವ 'ಕೂಡಾಟ' ಇದಕ್ಕಿಂತ ಭಿನ್ನ. ಅಲ್ಲಿ ಒಂದು ಮೇಳದ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಸಮತೋಲನದ ಕೊರತೆಯನ್ನು ಬಯಲಿಗಿಡುವುದು ಜೋಡಾಟ, ಮುಚ್ಚುವುದು ಕೂಡಾಟ.

೬. ಅಂಚಿನ ಪ್ರದೇಶ ಮತ್ತು ಅಧ್ಯಯನದ ಹೊಣೆ

ಉತ್ತರ ಕನ್ನಡದ ಯಕ್ಷಗಾನವನ್ನು 'ಬಡಾಬಡಗು' ಎಂದು ಗುರುತಿಸುವುದುಂಟು. ಇದರ ಹೆಸರಾಂತ ನೆಲೆಗಳಾದ ಕರ್ಕಿ, ಕೆರೆಮನೆಗಳು ಹೊನ್ನಾವರ ತಾಲೂಕಿನಲ್ಲಿವೆ. ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳವನ್ನು ಸ್ಥಾಪಿಸಿದ್ದು ೧೯೩೪ರಲ್ಲಿ. ಗಂಗಾವಳಿ ನದಿಯನ್ನು ದಾಟಿದರೆ ಅಂಕೋಲಾ, ಅದರಾಚೆ ಕಾಳಿ ನದಿಯ ಮುಖದಲ್ಲಿ ಕಾರವಾರ. ಕಾರವಾರದಲ್ಲಿ ಕೊಂಕಣಿ ಮನೆಮಾತಾಗಿ ಬಲವಾಗಿದೆ. ಗಡಿಯಾಚೆಯ ಗೋವಾ ಮತ್ತು ಸಿಂಧುದುರ್ಗಗಳಲ್ಲಿ ದಶಾವತಾರಿ ಆಟದ ಪರಂಪರೆಯಿದೆ. ಅದರ ಪೂರ್ವರಂಗದಲ್ಲಿಯೂ ವೇದಗಳನ್ನು ಕದ್ದ ಸಂಕಾಸುರನೆಂಬ ದೈತ್ಯನು ಬರುತ್ತಾನೆ. ಹೀಗೆ ಈ ಎರಡು ತಾಲೂಕುಗಳು ಯಕ್ಷಗಾನ ವಲಯದ ಉತ್ತರದ ಅಂಚು. ಎರಡು ಭಾಷೆಗಳ ಎರಡು ಅಸುರ ಪರಂಪರೆಗಳು ಹತ್ತಿರ ಬರುವ ಎಡೆ.

ಅಂಚಿನಲ್ಲಿ ಮೇಳದ ಸಮಸ್ಯೆ ತೀವ್ರವಾಗುತ್ತದೆ. ಆರು ತಿಂಗಳ ತಿರುಗಾಟ ನಡೆಸುವ ವೃತ್ತಿಮೇಳದಲ್ಲಿ ಕಲಾವಿದರು ಪ್ರತಿ ರಾತ್ರಿ ಜೊತೆಗಿದ್ದು ಒಬ್ಬರ ಬಲವನ್ನೂ ಮಿತಿಯನ್ನೂ ಇನ್ನೊಬ್ಬರು ಅರಿತಿರುತ್ತಾರೆ. ಊರಿನ ಹವ್ಯಾಸಿಗಳು ಹೊರಗಿನ ಅತಿಥಿ ಕಲಾವಿದರನ್ನು ಕರೆಸಿ ಆಡುವ ಒಂದು ರಾತ್ರಿಯ ಆಟದಲ್ಲಿ ಆ ಅವಕಾಶವಿಲ್ಲ. ಅಂಥ ಆಯ್ಕೆಯಲ್ಲಿ ಪ್ರಸಿದ್ಧ ನಾಯಕವೇಷಗಳಿಗೆ ಮೊದಲ ಮನ್ನಣೆ ದೊರೆಯುವುದು ಸಹಜ. ಹೆಸರಾಂತ ಐವರನ್ನು ಒಟ್ಟುಗೂಡಿಸಿದರೂ ಬಣ್ಣದ ವೇಷಕ್ಕೆ ಜನವಿಲ್ಲದಿದ್ದರೆ ಅದು ಕೂಟವಾದೀತೇ ಹೊರತು ಮೇಳವಾಗದು. ಗಣಕದ ಆಟದಲ್ಲಿ ಆರೂ ಜೀವಿಗಳನ್ನು ಬಲದ ಮೇಲೆಯೇ ಆರಿಸಿದ ಹೊಸ ಆಟಗಾರನು ಸೋಲುವುದು ಇದೇ ಕಾರಣಕ್ಕೆ.

ಶಿವರಾಮ ಕಾರಂತರ 'ಯಕ್ಷಗಾನ ಬಯಲಾಟ' ೧೯೫೯ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಬಳಿಕ ಈ ಕ್ಷೇತ್ರದ ಸಂಶೋಧನೆ ವಿಸ್ತಾರವಾಗಿ ಬೆಳೆದಿದೆ. ಪ್ರಸಂಗಸಾಹಿತ್ಯ, ಕವಿಕಾಲವಿಚಾರ, ತಿಟ್ಟುಗಳ ಭೇದ ಹಾಗೂ ಮೇರು ಕಲಾವಿದರ ಜೀವನವನ್ನು ಕುರಿತ ಬರಹಗಳು ಹೇರಳವಾಗಿವೆ. ಮೇಳವನ್ನೇ ಒಂದು ಘಟಕವಾಗಿ ಹಿಡಿದು, ಯಾವ ಸ್ಥಾನ ಯಾವುದನ್ನು ಆತುಕೊಂಡಿತ್ತು, ಯಾವ ಸ್ಥಾನ ತೆರವಾದಾಗ ಯಾವ ಪ್ರಸಂಗ ಬಿಟ್ಟುಹೋಯಿತು ಎಂದು ಕೇಳುವ ಅಧ್ಯಯನಕ್ಕೆ ಅಷ್ಟು ಗಮನ ಸಂದಿಲ್ಲ. ಅಂಕೋಲಾ, ಕಾರವಾರಗಳಂಥ ಅಂಚಿನ ತಾಲೂಕುಗಳಲ್ಲಿ ಈ ಕೆಲಸ ಮೊದಲು ಆಗಬೇಕು. ಊರೂರಿನ ಹವ್ಯಾಸಿ ಕಲಾವಿದರಿಂದ ಸ್ಥಾನವಾರು ದಾಖಲೆ ಸಂಗ್ರಹಿಸಿ, ಹೆಣ್ಣು ಬಣ್ಣ, ಮುಂಡಾಸು, ಹಾಸ್ಯಗಳನ್ನು ಯಾರಿಂದ ಯಾರು ಕಲಿತರು ಎಂಬ ಪರಂಪರೆಯನ್ನು ಗುರುತಿಸುವುದು ಕಾಲೇಜುಗಳ ಕನ್ನಡ ವಿಭಾಗಗಳಿಗೆ ಅಸಾಧ್ಯವಾದ ಕಾರ್ಯವೇನಲ್ಲ. ನಾಯಕವೇಷದ ಕಲಾವಿದನ ನೆನಪು ಹೇಗೋ ಉಳಿಯುತ್ತದೆ. ಅವನ ಎದುರು ನಿಂತು ಅವನನ್ನು ನಾಯಕನನ್ನಾಗಿ ಮಾಡಿದವರ ನೆನಪು ದಾಖಲಾಗದಿದ್ದರೆ ಉಳಿಯುವುದಿಲ್ಲ.

ಬೋಧನೆಗೂ ಇದರಿಂದ ಪ್ರಯೋಜನವಿದೆ. ೩೨೪ ಸಂಬಂಧಗಳ ಕೋಷ್ಟಕವನ್ನು ನೆನಪಿನಲ್ಲಿಟ್ಟುಕೊಳ್ಳಬಲ್ಲ ವಿದ್ಯಾರ್ಥಿಗೆ ಅಸ್ತ್ರ–ಪ್ರತ್ಯಸ್ತ್ರಗಳ ತರ್ಕವಾಗಲಿ, ವರದ ಎಡೆಯನ್ನು ಹುಡುಕುವ ಪುರಾಣದ ಜಾಣ್ಮೆಯಾಗಲಿ ಕಷ್ಟವೆನಿಸದು. ಅವನು ಬಲ್ಲ ವಿದ್ಯೆಗೆ ಕನ್ನಡದಲ್ಲಿ ಹೆಸರುಗಳಿವೆ: ಮೇಳ, ಸ್ಥಾನ, ಪಟ್ಟು, ಪ್ರತ್ಯಸ್ತ್ರ, ಜೋಡಾಟ. ಈ ಹೆಸರುಗಳನ್ನು ಅವನ ಕೈಗೆ ಕೊಟ್ಟರೆ ದ್ರೋಣಪರ್ವದ ರಾತ್ರಿಯುದ್ಧ ಅವನಿಗೆ ಹೊಸದಾಗಿ ತೆರೆದುಕೊಳ್ಳುತ್ತದೆ. ಘಟೋತ್ಕಚನನ್ನು ಕಳುಹಿಸಿದ್ದು ಸರಿಯೇ ಎಂಬ ಪ್ರಶ್ನೆಯನ್ನು ಅವನೇ ಎತ್ತಬಲ್ಲನು.